ಕೈಸರನ ನಾಣ್ಯವೂ ಚರ್ಚಿನ ಮೌನವೂ

2023ರ ಮೇ 6ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಲ್ಲಿ ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸರ ಪಟ್ಟಾಭಿಷೇಕ ನೆರವೇರಿತು. ಜಗತ್ತಿನಾದ್ಯಂತ ಅಸಂಖ್ಯ ಜನರು ಟಿ.ವಿ.ಯಲ್ಲಿ ವೀಕ್ಷಿಸಿದ ಆ ಸಮಾರಂಭದ ಒಂದು ಘಟ್ಟವನ್ನು ಮಾತ್ರ ಯಾರಿಗೂ ತೋರಿಸಲಾಗಲಿಲ್ಲ. ದೊರೆಯ ಮೇಲುವಸ್ತ್ರಗಳನ್ನು ಕಳಚಿ, ಸುತ್ತಲೂ ಕಸೂತಿಯ ಪರದೆಗಳನ್ನು ನಿಲ್ಲಿಸಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವರು ದೊರೆಯ ಕೈ, ಎದೆ ಮತ್ತು ತಲೆಗೆ ತೈಲ ಹಚ್ಚಿದರು. ಜೆರುಸಲೇಮಿನ ಆಲಿವ್ ಬೆಟ್ಟದಲ್ಲಿ ಬೆಳೆದ ಆಲಿವ್ ಕಾಯಿಗಳಿಂದ ತೆಗೆದು, ಅಲ್ಲಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ ಪ್ರಾರ್ಥನೆಯೊಂದಿಗೆ ಪವಿತ್ರಗೊಳಿಸಿ ತಂದ ತೈಲವದು. ತಾನು ಸೇವೆ ಪಡೆಯುವುದಕ್ಕಲ್ಲ, ಸೇವೆ ಸಲ್ಲಿಸುವುದಕ್ಕೆ ಬಂದಿರುವುದಾಗಿ ಸಮಾರಂಭದ ಆರಂಭದಲ್ಲಿಯೇ ದೊರೆ ಹೇಳಿದ್ದರು. ಎಲ್ಲವೂ ಮುಗಿದ ಬಳಿಕ ಚಿನ್ನದ ಲೇಪನದ ರಥದಲ್ಲಿ ಕುಳಿತು ಅವರು ಅರಮನೆಗೆ ಮರಳಿದರು.

ಚುನಾಯಿತ ಸಂಸತ್ತು ಆಡಳಿತ ನಡೆಸುವ ದೇಶದಲ್ಲಿ ದೊರೆಯ ಎದೆಗೆ ತೈಲ ಹಚ್ಚುವ ಅಗತ್ಯವೇನಿತ್ತು? ಇದನ್ನು ಕೇವಲ ಹಳೆಯ ಸಂಪ್ರದಾಯವೆಂದು ತಳ್ಳಿಹಾಕಿದರೆ ಪ್ರಶ್ನೆ ಮುಗಿಯುವುದಿಲ್ಲ. ಐಹಿಕ ಅಧಿಕಾರದ ಕುರಿತು ಕ್ರೈಸ್ತ ಧರ್ಮದ ನಿಲುವೇನು ಎಂಬ ದೊಡ್ಡ ಪ್ರಶ್ನೆಯ ಒಂದು ತುದಿ ಮಾತ್ರ ಅದು.

ಈ ವಿಷಯದಲ್ಲಿ ನಮ್ಮ ವಿದ್ಯಾವಂತರ ನಡುವೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಕೈಸರನದ್ದನ್ನು ಕೈಸರನಿಗೆ ಸಲ್ಲಿಸಬೇಕೆಂದು ಯೇಸು ಹೇಳಿರುವುದರಿಂದ ಕ್ರೈಸ್ತ ಧರ್ಮವು ಆರಂಭದಿಂದಲೇ ಧರ್ಮ ಮತ್ತು ರಾಜಕೀಯವನ್ನು ಬೇರ್ಪಡಿಸಿದೆ, ಪಶ್ಚಿಮದ ಪ್ರಗತಿಯ ಗುಟ್ಟು ಅದುವೇ ಎಂಬುದು ಮೊದಲನೆಯದು. ಪತ್ರಿಕೆಗಳ ಅಂಕಣಗಳಲ್ಲೂ ವಿಚಾರ ಸಂಕಿರಣಗಳಲ್ಲೂ ಈ ಉಪದೇಶ ನಮಗೆ ಮತ್ತೆ ಮತ್ತೆ ದೊರೆಯುತ್ತದೆ. ಎರಡನೆಯ ಉತ್ತರ ನಮ್ಮವರದ್ದೇ. ಚರ್ಚ್ ಎಂದೆಂದೂ ಸಾಮ್ರಾಜ್ಯಶಾಹಿಯ ಕೈಗೊಂಬೆಯಾಗಿತ್ತು, ಶಿಲುಬೆ ಯುದ್ಧಗಳಿಂದ ವಸಾಹತುಶಾಹಿಯವರೆಗೆ ಅದರ ಕೆಲಸವೇ ಅದು ಎಂದು ನಾವು ಸುಲಭವಾಗಿ ತೀರ್ಪು ನೀಡಿಬಿಡುತ್ತೇವೆ. ಮೊದಲನೆಯದು ಇತಿಹಾಸದ ಅಜ್ಞಾನ, ಎರಡನೆಯದು ಅರ್ಧಸತ್ಯ. ಎರಡನ್ನೂ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಬೈಬಲಿನಲ್ಲಿ ಅರಸೊತ್ತಿಗೆಯ ಕಥೆ ಆರಂಭವಾಗುವುದೇ ಒಂದು ಎಚ್ಚರಿಕೆಯೊಂದಿಗೆ. ಇತರ ಜನಾಂಗಗಳಿಗಿರುವಂತೆ ತಮಗೂ ಒಬ್ಬ ಅರಸ ಬೇಕೆಂದು ಇಸ್ರಾಯೇಲರು ಪ್ರವಾದಿ ಸಮುವೇಲರನ್ನು ಒತ್ತಾಯಿಸಿದರು. ಸಮುವೇಲರಿಗೆ ಇದು ಸರಿಕಾಣಲಿಲ್ಲ. ಅರಸ ಬಂದರೆ ನಿಮ್ಮ ಗಂಡುಮಕ್ಕಳು ಅವನ ರಥಗಳ ಮುಂದೆ ಓಡಬೇಕಾದೀತು, ಹೆಣ್ಣುಮಕ್ಕಳು ಅವನ ಅಡುಗೆಮನೆ ಸೇರಬೇಕಾದೀತು, ಫಲವತ್ತಾದ ಹೊಲಗಳೂ ದ್ರಾಕ್ಷಿತೋಟಗಳೂ ಅವನ ಅಧಿಕಾರಿಗಳ ಪಾಲಾದಾವು, ಧಾನ್ಯದಲ್ಲೂ ಕುರಿಹಿಂಡಿನಲ್ಲೂ ಹತ್ತನೆಯ ಒಂದು ಪಾಲು ಅವನಿಗೆ ಸೇರೀತು ಎಂದು ಅವರು ವಿವರವಾಗಿ ಎಚ್ಚರಿಸಿದರು. ಜನರು ಒಪ್ಪಲಿಲ್ಲ. ಕೊನೆಗೆ ಸೌಲನ ತಲೆಗೆ ಸಮುವೇಲರು ತೈಲವೆರೆದರು. ಕುರ್‌ಆನ್ ಓದುಗರಿಗೆ ಈ ಅರಸ ತಾಲೂತ್ ಎಂಬ ಹೆಸರಿನಲ್ಲಿ ಪರಿಚಿತ. ಲಂಡನ್ನಿನ ತೈಲದ ಮೂಲ ಇಲ್ಲಿದೆ. ಆದರೆ ಲಂಡನ್ನಿನಲ್ಲಿ ತೈಲ ಉಳಿಯಿತು, ಎಚ್ಚರಿಕೆ ಉಳಿಯಲಿಲ್ಲ.

ಅದೇ ಗ್ರಂಥದಲ್ಲಿ ನಾಬೋತನ ದ್ರಾಕ್ಷಿತೋಟದ ಪ್ರಸಂಗವೂ ಇದೆ. ಅರಮನೆಯ ಪಕ್ಕದಲ್ಲಿದ್ದ ಆ ತೋಟದ ಮೇಲೆ ಅರಸ ಅಹಾಬನ ಕಣ್ಣು ಬಿತ್ತು. ಬದಲಿ ಭೂಮಿ ಅಥವಾ ಹಣ ಕೊಡುವುದಾಗಿ ಹೇಳಿದರೂ ಪೂರ್ವಜರ ಆಸ್ತಿಯನ್ನು ಬಿಟ್ಟುಕೊಡಲು ನಾಬೋತ ಸಿದ್ಧನಿರಲಿಲ್ಲ. ರಾಣಿಯು ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ, ಅವನು ದೇವರನ್ನೂ ಅರಸನನ್ನೂ ನಿಂದಿಸಿದನೆಂಬ ಆರೋಪ ಹೊರಿಸಿ, ಕಲ್ಲೆಸೆದು ಕೊಲ್ಲಿಸಿದಳು. ಅರಸ ತೋಟವನ್ನು ವಶಪಡಿಸಿಕೊಳ್ಳಲು ಹೋದಾಗ ಅಲ್ಲಿ ಅವನಿಗೆ ಎದುರಾಗಿ ನಿಂತವರು ಎಲೀಯ, ಅಂದರೆ ನಾವು ಇಲ್ಯಾಸ್(ಅ) ಎಂದು ಕರೆಯುವ ಪ್ರವಾದಿ. ಕೊಂದದ್ದೂ ಅಲ್ಲದೆ ಕಬಳಿಸಲೂ ಬಂದೆಯಾ ಎಂಬ ಅರ್ಥದಲ್ಲಿ ಅವರು ಅರಸನನ್ನು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದರು. ಅರಸನಿಗೆ ತೈಲವೆರೆಯುವುದು ಪ್ರವಾದಿತ್ವದ ಒಂದು ಕೆಲಸವಾದರೆ, ಅರಸನನ್ನು ಅಡ್ಡಗಟ್ಟಿ ನಿಲ್ಲಿಸುವುದು ಅದರ ಇನ್ನೊಂದು ಕೆಲಸ.

ಇನ್ನು ನಾಣ್ಯದ ಪ್ರಸಂಗಕ್ಕೆ ಬರೋಣ. ನಾವು ಈಸಾ(ಅ) ಎಂದು ಗೌರವಿಸುವ ಯೇಸುವಿನ ಮುಂದೆ ಆ ಪ್ರಶ್ನೆಯನ್ನು ಇಟ್ಟವರು ಜ್ಞಾನದಾಹಿಗಳೇನೂ ಆಗಿರಲಿಲ್ಲ. ರೋಮಿಗೆ ತೆರಿಗೆ ಕೊಡಬೇಕೆಂದರೆ ಜನರು ಸಿಡಿದೇಳುವರು, ಕೊಡಬಾರದೆಂದರೆ ರೋಮಿನ ಸೈನಿಕರು ಹಿಡಿದೊಯ್ಯುವರು ಎಂಬುದು ಲೆಕ್ಕಾಚಾರ. ಅವರು ಒಂದು ನಾಣ್ಯವನ್ನು ತರಿಸಿ ಅದರ ಮೇಲಿನ ಚಿತ್ರ ಯಾರದೆಂದು ಕೇಳಿದರು. ಕೈಸರನದು ಎಂದಾಗ, ಅವನದನ್ನು ಅವನಿಗೂ ದೇವರದನ್ನು ದೇವರಿಗೂ ಸಲ್ಲಿಸಲು ಹೇಳಿದರು. ಈ ಮಾತಿನ ದ್ವಿತೀಯಾರ್ಧವನ್ನು ನಮ್ಮ ಅಂಕಣಕಾರರು ಓದುವುದೇ ಇಲ್ಲ. ಮೂರನೆಯ ಶತಮಾನದ ಆರಂಭದಲ್ಲಿ ಬರೆದ ತೆರ್ತುಲಿಯನ್ ಇದನ್ನು ಸ್ಪಷ್ಟವಾಗಿಯೇ ವಿವರಿಸಿದ್ದಾರೆ. ನಾಣ್ಯದ ಮೇಲೆ ಕೈಸರನ ಮುದ್ರೆಯಿದೆ, ಆದ್ದರಿಂದ ನಾಣ್ಯ ಅವನದು. ಮನುಷ್ಯನ ಮೇಲಿರುವುದು ದೇವರ ಮುದ್ರೆ, ಆದ್ದರಿಂದ ಮನುಷ್ಯ ದೇವರಿಗೆ ಸೇರಿದವನು. ಹೀಗೆ ಓದಿದಾಗ ಆ ಮಾತು ಕೈಸರನ ಅಧಿಕಾರಕ್ಕೆ ಹಾಕಿದ ಬೇಲಿಯಾಗುತ್ತದೆ. ದೇವರನ್ನು ಆರಾಧನಾಲಯದೊಳಗೆ ಕೂಡಿಹಾಕಲು ಅದರಲ್ಲಿ ಯಾವ ಅನುಮತಿಯೂ ಇಲ್ಲ.

ಹೀಬ್ರೂವಿನ ಮೆಸ್ಸೀಯ ಮತ್ತು ಗ್ರೀಕಿನ ಕ್ರಿಸ್ತ ಎಂಬ ಎರಡೂ ಪದಗಳಿಗೆ ಅಭಿಷಿಕ್ತ ಎಂದರ್ಥ. ಅಂದರೆ ಆ ಬಿರುದೇ ಅರಸೊತ್ತಿಗೆಗೆ ಸಂಬಂಧಿಸಿದ್ದು. ಆದರೆ ಸುವಾರ್ತೆಗಳು ಚಿತ್ರಿಸುವ ಅರಸ ಎಂಥವನು? ಎಡಬಲದಲ್ಲಿ ಆಸನ ಕೇಳಿದ ಇಬ್ಬರು ಶಿಷ್ಯರಿಗೆ, ಲೋಕದ ಒಡೆಯರು ಜನರ ಮೇಲೆ ದರ್ಪ ನಡೆಸುತ್ತಾರೆ, ನಿಮ್ಮಲ್ಲಿ ಹಾಗಾಗಕೂಡದು, ದೊಡ್ಡವನಾಗಬಯಸುವವನು ಆಳಾಗಬೇಕು ಎಂದು ಅವರು ತಿಳಿಹೇಳುತ್ತಾರೆ. ರೋಮಿನ ಅಧಿಕಾರಿ ಪಿಲಾತನ ಮುಂದೆ, ತನ್ನ ರಾಜ್ಯ ಈ ಲೋಕದ ಬಗೆಯದ್ದಲ್ಲ ಎಂದೂ ಪಿಲಾತನ ಅಧಿಕಾರ ಮೇಲಿನಿಂದ ಬಂದುದೆಂದೂ ಹೇಳುತ್ತಾರೆ. ಶಿಲುಬೆಯ ವಿಷಯದಲ್ಲಿ ನಮ್ಮ ನಂಬಿಕೆ ಬೇರೆಯೇ ಆಗಿದೆ. ಆದರೆ ಕ್ರೈಸ್ತರು ಓದುವ ಗ್ರಂಥದ ಪ್ರಕಾರ ಅದರ ಮೇಲೆ ತೂಗುಹಾಕಿದ ಫಲಕದಲ್ಲಿದ್ದ ಅಪರಾಧ ಅರಸನೆನಿಸಿಕೊಂಡದ್ದೇ ಆಗಿತ್ತು. ಇಂತಹ ಅರಸನನ್ನು ನಂಬುವವರು ಲೋಕದ ಅರಸರ ಬಗ್ಗೆ ಎಚ್ಚರದಿಂದಿರಬೇಕಾದುದು ಸಹಜವಲ್ಲವೇ?

ಮೊದಲ ಮುನ್ನೂರು ವರ್ಷಗಳ ಕಾಲ ಅವರು ಹಾಗೆಯೇ ಇದ್ದರು. ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಪೌಲರು ಅಧಿಕಾರಿಗಳು ದೇವರ ಸೇವಕರೆಂದೂ ಅವರಿಗೆ ಅಧೀನರಾಗಬೇಕೆಂದೂ ಬೋಧಿಸುತ್ತಾರೆ. ಪ್ರಕಟಣೆ ಗ್ರಂಥದ 13ನೇ ಅಧ್ಯಾಯದಲ್ಲಿ ಸಾಮ್ರಾಜ್ಯದ ಅಧಿಕಾರವು ಸಮುದ್ರದಿಂದೇಳುವ ಕ್ರೂರ ಮೃಗವಾಗಿ ಕಾಣಿಸಿಕೊಳ್ಳುತ್ತದೆ. ಎರಡೂ ಒಂದೇ ಬೈಬಲಿನಲ್ಲಿವೆ. ಎರಡನೆಯ ಶತಮಾನದಲ್ಲಿ ಸ್ಮಿರ್ನಾ ನಗರದ ವೃದ್ಧ ಬಿಷಪ್ ಪೊಲಿಕಾರ್ಪ್‌ರನ್ನು, ಕೈಸರನೇ ಒಡೆಯ ಎಂದು ಒಂದು ಮಾತು ಹೇಳಿದರೆ ಬಿಟ್ಟುಬಿಡುತ್ತೇವೆಂದು ಅಧಿಕಾರಿಗಳು ಓಲೈಸಿದರು. ಅವರು ಹೇಳಲಿಲ್ಲ, ಅವರನ್ನು ಸುಡಲಾಯಿತು. ಮುಂದೆ ಅರಮನೆಗಳಲ್ಲಿ ರೋಮಿನವರಿಗೆ ಬರೆದ ಪತ್ರವನ್ನೂ ಸೆರೆಮನೆಗಳಲ್ಲಿ ಪ್ರಕಟಣೆ ಗ್ರಂಥವನ್ನೂ ಓದುವುದು ಕ್ರೈಸ್ತ ಇತಿಹಾಸದ ರೂಢಿಯೇ ಆಯಿತು.

ತಿರುವು ಬಂದದ್ದು ನಾಲ್ಕನೆಯ ಶತಮಾನದಲ್ಲಿ. ಸಾಮ್ರಾಟ ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ನೀಡಿದ. 325ರಲ್ಲಿ ನಿಕೇಯಾದಲ್ಲಿ ಬಿಷಪ್‌ಗಳ ಮಹಾಸಭೆಯನ್ನು ಕರೆದವನೂ ಅವನೇ. ಶತಮಾನಗಳ ಹಿಂಸೆಯಿಂದ ಬಳಲಿದ ಸಮುದಾಯ ನಿಟ್ಟುಸಿರು ಬಿಟ್ಟಿದ್ದರೆ ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಚರ್ಚ್ ಅಲ್ಲಿಗೆ ನಿಲ್ಲಲಿಲ್ಲ. ಸ್ವರ್ಗದಲ್ಲಿ ಒಬ್ಬನೇ ದೇವರಿರುವಂತೆ ಭೂಮಿಯಲ್ಲಿ ಒಬ್ಬನೇ ಸಾಮ್ರಾಟನಿರಬೇಕು, ಇವನು ಅವನ ಪ್ರತಿರೂಪ ಎಂಬ ಧಾಟಿಯಲ್ಲಿ ಬಿಷಪ್ ಯುಸೀಬಿಯಸ್ ಆಸ್ಥಾನದಲ್ಲಿ ಹೊಗಳಿಕೆಯ ಭಾಷಣ ಮಾಡಿದರು. 380ರಲ್ಲಿ ಸಾಮ್ರಾಟ ಥಿಯೋಡೋಸಿಯಸ್ ನಿಕೇಯಾದ ವಿಶ್ವಾಸವನ್ನೇ ಸಾಮ್ರಾಜ್ಯದ ಅಧಿಕೃತ ಧರ್ಮವೆಂದು ಸಾರಿದ. ಆ ಬಳಿಕ ಐದೇ ವರ್ಷಗಳಲ್ಲಿ, 385ರ ಸುಮಾರಿಗೆ, ಪ್ರಿಸ್ಸಿಲಿಯನ್ ಎಂಬ ಕ್ರೈಸ್ತ ಬಿಷಪ್‌ನನ್ನು ಇತರ ಬಿಷಪ್‌ಗಳ ದೂರಿನ ಮೇರೆಗೆ ಸಾಮ್ರಾಟನೊಬ್ಬನ ಅಧಿಕಾರಿಗಳು ಶಿರಚ್ಛೇದ ಮಾಡಿದರು. ನಿನ್ನೆ ಖಡ್ಗದ ಕೆಳಗಿದ್ದವರು ಇಂದು ಖಡ್ಗವನ್ನು ಕರೆಸುವವರಾದರು. ಇದನ್ನು ಬಹಿರಂಗವಾಗಿ ವಿರೋಧಿಸಿದ ಟೂರ್ಸ್‌ನ ಬಿಷಪ್ ಮಾರ್ಟಿನ್ ಕೂಡ ಅದೇ ಚರ್ಚಿನವರು ಎಂಬುದನ್ನು ನಾವು ಮರೆಯಬಾರದು.

ಮಿಲಾನಿನ ಬಿಷಪ್ ಆಂಬ್ರೋಸ್ ಅವರ ಜೀವನದ ಎರಡು ಘಟನೆಗಳು ಈ ದ್ವಂದ್ವವನ್ನು ಬಯಲಿಗೆಳೆಯುತ್ತವೆ. 390ರಲ್ಲಿ ಥೆಸಲೋನಿಕಾ ನಗರದಲ್ಲಿ ಥಿಯೋಡೋಸಿಯಸ್‌ನ ಸೈನಿಕರು ನಾಗರಿಕರ ಸಾಮೂಹಿಕ ಹತ್ಯೆ ನಡೆಸಿದಾಗ, ಪಶ್ಚಾತ್ತಾಪ ಪಡುವವರೆಗೆ ಸಾಮ್ರಾಟನ ಎದುರಲ್ಲಿ ಪವಿತ್ರ ವಿಧಿಯನ್ನು ನಡೆಸಲಾರೆನೆಂದು ಆಂಬ್ರೋಸ್ ಪತ್ರ ಬರೆದರು. ಸಾಮ್ರಾಟ ಮಣಿದ. ಅಧಿಕಾರದ ಮುಂದೆ ಧರ್ಮ ತಲೆಯೆತ್ತಿ ನಿಂತ ಉಜ್ವಲ ಉದಾಹರಣೆಯಾಗಿ ಇದನ್ನು ಇಂದಿಗೂ ಸ್ಮರಿಸಲಾಗುತ್ತದೆ. ಆದರೆ ಅದಕ್ಕೆ ಎರಡು ವರ್ಷ ಮೊದಲು, 388ರಲ್ಲಿ, ಕ್ಯಾಲಿನಿಕಂ ಎಂಬಲ್ಲಿ ಕ್ರೈಸ್ತರ ಗುಂಪೊಂದು ಯಹೂದಿಗಳ ಆರಾಧನಾಲಯವನ್ನು ಸುಟ್ಟುಹಾಕಿತ್ತು. ಅದನ್ನು ಅಲ್ಲಿನ ಬಿಷಪ್ ಕಟ್ಟಿಸಿಕೊಡಬೇಕೆಂದು ಅದೇ ಥಿಯೋಡೋಸಿಯಸ್ ಆಜ್ಞೆ ಮಾಡಿದಾಗ, ಅದನ್ನು ಹಿಂತೆಗೆಯುವಂತೆ ಒತ್ತಡ ಹೇರಿ ಗೆದ್ದವರು ಇದೇ ಆಂಬ್ರೋಸ್. ಒಂದು ಸಲ ಅವರ ಧ್ವನಿ ನ್ಯಾಯದ ಪರವಾಗಿತ್ತು. ಇನ್ನೊಂದು ಸಲ ಅದು ತಮ್ಮವರ ಪರವಾಗಿತ್ತು, ನ್ಯಾಯದ ಮಾತು ಸಾಮ್ರಾಟನ ಬಾಯಿಯಲ್ಲಿತ್ತು. ಅಧಿಕಾರದ ಹತ್ತಿರ ಹೋದ ಧಾರ್ಮಿಕ ನಾಯಕತ್ವಕ್ಕೆ ಇವೆರಡರ ವ್ಯತ್ಯಾಸ ಕಾಣಿಸದೇ ಹೋಗುವುದು ಅದರ ಅತ್ಯಂತ ಅಪಾಯಕಾರಿ ರೋಗ.

ಮುಂದಿನ ಸಾವಿರ ವರ್ಷಗಳಲ್ಲಿ ಈ ರೋಗ ಬೆಳೆಯಿತು. 1077ರ ಜನವರಿಯಲ್ಲಿ ಕನೋಸ್ಸಾ ಕೋಟೆಯ ಹೊರಗೆ ಜರ್ಮನಿಯ ಅರಸ ನಾಲ್ಕನೇ ಹೆನ್ರಿ, ಪೋಪ್ ಏಳನೇ ಗ್ರೆಗೊರಿಯವರ ಕ್ಷಮೆಗಾಗಿ ಚಳಿಯಲ್ಲಿ ಮೂರು ದಿನ ಕಾದ. ಲೌಕಿಕ ಅಧಿಕಾರದ ಖಡ್ಗವೂ ಚರ್ಚಿಗೆ ಅಧೀನವೆಂದು 1302ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಘೋಷಿಸಿದರು. ಅರಸನನ್ನು ಪ್ರಶ್ನಿಸಬೇಕಾದವರಿಗೆ ತಾವೇ ಅರಸರಾಗುವ ಆಸೆ ಹುಟ್ಟಿತ್ತು. ಇಂಗ್ಲೆಂಡಿನಲ್ಲಿ ಇದು ತಿರುವುಮುರುವಾಯಿತು. 1534ರಲ್ಲಿ ಎಂಟನೇ ಹೆನ್ರಿ ತಾನೇ ಚರ್ಚಿನ ಮುಖ್ಯಸ್ಥನಾದ. ಇಂದಿಗೂ ಬ್ರಿಟನ್ನಿನ ದೊರೆ ಚರ್ಚ್ ಆಫ್ ಇಂಗ್ಲೆಂಡಿನ ಪರಮಾಧಿಕಾರಿ, ಇಂದಿಗೂ ಅದರ 26 ಬಿಷಪ್‌ಗಳಿಗೆ ಸಂಸತ್ತಿನ ಮೇಲ್ಮನೆಯಲ್ಲಿ ಆಸನಗಳಿವೆ. ನಾಣ್ಯದ ಒಂದು ಮಾತಿನಿಂದ ಪಶ್ಚಿಮವು ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸಿತೆಂದು ನಮಗೆ ಪಾಠ ಹೇಳುವವರು ಇದಕ್ಕೆ ಏನೆನ್ನುತ್ತಾರೆ?

ಈ ಮೈತ್ರಿಯ ಬೆಲೆ ತೆತ್ತವರು ಯುರೋಪಿನವರು ಮಾತ್ರವಲ್ಲ. 1455ರಲ್ಲಿ ಪೋಪ್ ಐದನೇ ನಿಕೋಲಸ್ ಹೊರಡಿಸಿದ ಶಾಸನವು, ಕ್ರೈಸ್ತರಲ್ಲದವರ ನೆಲಗಳನ್ನು ಗೆದ್ದು ಅವರನ್ನು ಗುಲಾಮರನ್ನಾಗಿಸಲು ಪೋರ್ಚುಗಲ್ಲಿನ ಅರಸನಿಗೆ ಧರ್ಮದ ಮುದ್ರೆಯೊತ್ತಿತು. ಅದೇ ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಗೆದ್ದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಆರಂಭವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ ಅದು 1812ರವರೆಗೂ ನಡೆಯಿತು. ಅಲ್ಲಿ ವಿಚಾರಣೆಗೊಳಗಾದವರಲ್ಲಿ ಹೊಸದಾಗಿ ಕ್ರೈಸ್ತರಾದವರೇ ಬಹುಸಂಖ್ಯೆಯಲ್ಲಿದ್ದರು. ಗೋವಾದ ಕ್ರೈಸ್ತ ಕುಟುಂಬಗಳು ದಕ್ಷಿಣದ ಕೆನರಾ ಕರಾವಳಿಗೆ ವಲಸೆ ಬಂದುದಕ್ಕೆ ಯುದ್ಧ, ತೆರಿಗೆಗಳ ಜೊತೆಗೆ ಇನ್‌ಕ್ವಿಸಿಷನ್ನಿನ ಭಯವೂ ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಮಂಗಳೂರು, ಉಡುಪಿಗಳ ನಮ್ಮ ಕೊಂಕಣಿ ಕ್ರೈಸ್ತ ನೆರೆಹೊರೆಯವರಲ್ಲಿ ಅನೇಕರ ಪೂರ್ವಜರು, ತಮ್ಮದೇ ಧರ್ಮದ ಹೆಸರಿನಲ್ಲಿ ಆಳಿದ ರಾಜ್ಯದಿಂದ ದೂರ ಸರಿದು ಬಂದವರು. ಧರ್ಮಕ್ಕೆ ರಾಜದಂಡ ಸಿಕ್ಕಾಗ ಮೊದಲು ಪೆಟ್ಟು ಬೀಳುವುದು ಆ ಧರ್ಮದವರ ಬೆನ್ನಿಗೇ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ? ಆ ಹಳೆಯ ಶಾಸನಗಳ ಮೇಲೆ ಕಟ್ಟಿದ ಸಿದ್ಧಾಂತವನ್ನು ವ್ಯಾಟಿಕನ್ ವಿಧ್ಯುಕ್ತವಾಗಿ ತಿರಸ್ಕರಿಸಿದ್ದು 2023ರ ಮಾರ್ಚ್‌ನಲ್ಲಿ. ತಪ್ಪೊಪ್ಪಿಕೊಳ್ಳಲು 568 ವರ್ಷಗಳು ಬೇಕಾದವು.

ಇಲ್ಲಿಗೆ ನಿಲ್ಲಿಸಿದರೆ ನಾವೂ ಅರ್ಧಸತ್ಯ ಹೇಳಿದವರಾಗುತ್ತೇವೆ. ವಸಾಹತುಶಾಹಿಯ ಆರಂಭದ ದಿನಗಳಲ್ಲೇ, 1511ರ ಡಿಸೆಂಬರಿನಲ್ಲಿ, ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಪಾದ್ರಿ ಆಂತೋನಿಯೋ ದೆ ಮೊಂತೆಸಿನೋಸ್ ಸ್ಪ್ಯಾನಿಷ್ ಒಡೆಯರನ್ನು ಎದುರಿಗೆ ಕೂರಿಸಿಕೊಂಡೇ, ಈ ಮೂಲನಿವಾಸಿಗಳು ಮನುಷ್ಯರಲ್ಲವೇ ಎಂದು ಪ್ರವಚನಪೀಠದಿಂದ ಪ್ರಶ್ನಿಸಿದ್ದರು. ಜರ್ಮನಿಯಲ್ಲಿ ಹಿಟ್ಲರನಿಗೆ ಜೈಕಾರ ಹಾಕಿದ ಪಾದ್ರಿಗಳ ನಡುವೆಯೇ, 1934ರ ಮೇ ತಿಂಗಳಲ್ಲಿ ಬಾರ್ಮೆನ್ ನಗರದಲ್ಲಿ ಸೇರಿದ ಪ್ರೊಟೆಸ್ಟೆಂಟರು, ಚರ್ಚ್ ಪಾಲಿಸಬೇಕಾದ ಒಡೆಯ ಬೇರೊಬ್ಬನಿಲ್ಲ ಎಂಬ ಘೋಷಣೆ ಹೊರಡಿಸಿದರು. ಹಿಟ್ಲರನ ವಿರುದ್ಧದ ಸಂಚಿನ ಹೆಸರಿನಲ್ಲಿ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದರು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಗೆ ಬೈಬಲಿನ ಸಮರ್ಥನೆ ಒದಗಿಸಿದವರೂ ಕ್ರೈಸ್ತರೇ, ಪೌಲರ ಪತ್ರದ 13ನೇ ಅಧ್ಯಾಯವನ್ನು ಸರಕಾರ ದುರುಪಯೋಗಪಡಿಸುತ್ತಿದೆಯೆಂದು 1985ರ ಕೈರೋಸ್ ದಾಖಲೆಯಲ್ಲಿ ಖಂಡಿಸಿದವರೂ ಕ್ರೈಸ್ತರೇ. ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರು, ಬಡವರನ್ನು ಕೊಲ್ಲುವ ಆಜ್ಞೆಯನ್ನು ಪಾಲಿಸಬೇಡಿರೆಂದು ಸೈನಿಕರಿಗೆ ಕರೆ ನೀಡಿದ ಮರುದಿನವೇ, 1980ರ ಮಾರ್ಚ್ 24ರಂದು, ಪೂಜೆ ಸಲ್ಲಿಸುತ್ತಿದ್ದಾಗ ಗುಂಡಿಗೆ ಬಲಿಯಾದರು.

ಈ ಹೋರಾಟ ಇನ್ನೂ ಮುಗಿದಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಆರಂಭಿಸಿದಾಗ ಮಾಸ್ಕೋದ ಧರ್ಮಪೀಠಾಧಿಪತಿ ಕಿರಿಲ್ ಅದನ್ನು ಬೆಂಬಲಿಸಿದರು. ಆ ಯುದ್ಧದಲ್ಲಿ ಕರ್ತವ್ಯ ನಿರ್ವಹಿಸುತ್ತಾ ಸಾಯುವವರ ಪಾಪಗಳು ತೊಳೆದುಹೋಗುತ್ತವೆಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರವಚನವನ್ನೂ ನೀಡಿದರು. ಅದೇ ರಷ್ಯನ್ ಚರ್ಚಿನ ಸುಮಾರು 300 ಪಾದ್ರಿಗಳು ಯುದ್ಧ ನಿಲ್ಲಿಸಬೇಕೆಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಕೊಲ್ಲುವವನೂ ಸಾಯುವವನೂ ಒಂದೇ ಶಿಲುಬೆಗೆ ಮುತ್ತಿಡುವವರಾಗಿದ್ದ ಆ ಯುದ್ಧದಲ್ಲಿ, ಯೇಸುವಿನ ಮಾತನ್ನು ಉಳಿಸಿಕೊಂಡವರು ರತ್ನಖಚಿತ ಮುಕುಟ ಧರಿಸಿದವರೋ, ಸಹಿ ಹಾಕಿ ಅಪಾಯ ಮೈಮೇಲೆಳೆದುಕೊಂಡ ಸಾಮಾನ್ಯ ಪಾದ್ರಿಗಳೋ?

ಆದ್ದರಿಂದ ಧರ್ಮ ರಾಜಕೀಯದಲ್ಲಿರಬೇಕೇ, ಬೇಡವೇ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆಯೆಂದು ನಮಗನಿಸುತ್ತದೆ. ಸಮುವೇಲ, ಎಲೀಯ, ಮೊಂತೆಸಿನೋಸ್, ರೊಮೆರೊ ಎಲ್ಲರೂ ರಾಜಕೀಯದ ನಡುವೆಯೇ ಇದ್ದವರು. ಯುಸೀಬಿಯಸ್, ಕಿರಿಲ್ ಕೂಡ ಅಲ್ಲಿಯೇ ಇದ್ದವರು. ಮೊದಲಿನವರು ಸಿಂಹಾಸನದ ಎದುರಿನಲ್ಲಿ ನಿಂತಿದ್ದರು, ನಂತರದವರು ಅದರ ಪಕ್ಕದಲ್ಲಿ ಆಸೀನರಾಗಿದ್ದರು. ಎದುರಿನಲ್ಲಿ ನಿಂತವನಿಗೆ ಅರಸನ ಮುಖ ಕಾಣುತ್ತದೆ, ಅವನ ಕೈಯ ರಕ್ತವೂ ಕಾಣುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಕಾಣುವುದು ಅರಸನಿಗೆ ಕಾಣುವಷ್ಟೇ.

ಈ ಮಾತನ್ನು ಕ್ರೈಸ್ತರತ್ತ ಬೆರಳು ತೋರಿಸಿ ಹೇಳಿ ಮುಗಿಸುವ ಅಧಿಕಾರ ನಮಗಿಲ್ಲ. ಸುಲ್ತಾನರನ್ನೂ ಬಾದಶಹರನ್ನೂ ಭೂಮಿಯ ಮೇಲಿನ ದೇವನ ನೆರಳೆಂದು ಕೊಂಡಾಡಿದ ಆಸ್ಥಾನ ವಿದ್ವಾಂಸರು ನಮ್ಮಲ್ಲಿಯೂ ಇದ್ದರು. ಖಲೀಫರು ನೀಡಬಂದ ನ್ಯಾಯಾಧೀಶ ಹುದ್ದೆಯನ್ನು ನಿರಾಕರಿಸಿ ಸೆರೆಮನೆ ಕಂಡ ಇಮಾಮ್ ಅಬೂ ಹನೀಫಾ(ರ), ಆಸ್ಥಾನದ ಸಿದ್ಧಾಂತವನ್ನು ಒಪ್ಪದೆ ಚಾಟಿಯೇಟು ತಿಂದ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಕೂಡ ನಮ್ಮವರೇ. ಆ ಆಸ್ಥಾನ ವಿದ್ವಾಂಸರಲ್ಲಿ ಎಷ್ಟು ಮಂದಿಯ ಹೆಸರು ಇಂದು ನಮ್ಮ ಮಕ್ಕಳಿಗೆ ಗೊತ್ತಿದೆ?

ಅಧಿಕಾರಸ್ಥರು ಯಾವುದೇ ಧರ್ಮದ ಗುರುಗಳಿಗೆ ವೇದಿಕೆಯಲ್ಲಿ ಆಸನ ನೀಡಿ ಶಾಲು ಹೊದಿಸುವಾಗ ನಾವು ಹರ್ಷಪಡುವ ಮೊದಲು ಒಂದು ವಿಷಯವನ್ನು ವಿಚಾರಿಸಬೇಕು. ನಾಳೆ ಯಾವನೋ ಬಡವನ ತೋಟ ಕಸಿಯಲ್ಪಟ್ಟಾಗ, ಅವನ ಮೇಲೆ ಸುಳ್ಳು ಸಾಕ್ಷಿ ಹೂಡಲ್ಪಟ್ಟಾಗ, ಆ ಬಡವ ನಮ್ಮವನಾಗಿರಲಿ, ನಮ್ಮವನಲ್ಲದಿರಲಿ, ಆ ಶಾಲು ಹೊದ್ದವರು ಎದ್ದು ನಿಂತು ಕೇಳುವರೇ? ಕೇಳುವರೆಂದಾದರೆ ಅವರ ಆಸನಕ್ಕೆ ನಮ್ಮ ಅಭ್ಯಂತರವಿಲ್ಲ. ಕೇಳಲಾರರೆಂದಾದರೆ, ಅವರು ಆ ಆಸನಕ್ಕೆ ತೆತ್ತ ಬೆಲೆ ಕೈಸರನ ನಾಣ್ಯವಲ್ಲ, ದೇವನ ಮುದ್ರೆಯಿರುವ ಮನುಷ್ಯ ಎಂಬುದನ್ನು ಅವರಿಗೆ ತಿಳಿಸಬೇಕಾದ ಹೊಣೆ ನಮ್ಮ ಮೇಲಿದೆ.